1441ರ ಲಂಡನ್, ಒಂದು ಕೊಲೆ, ಒಂದು ಮೇಣದ ಬೊಂಬೆ: ಇಂಥ ಕಾದಂಬರಿ ಬರೆದವರು ಅನುಭವ ಹೇಳಿ

ಗುಮಾಸ್ತ (ಕೇಳಿದವರು)

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವನು, ಬ್ಯಾಂಕಿನಲ್ಲಿ ಕೆಲಸ. ಮೂರು ವರ್ಷದಿಂದ ರಾತ್ರಿ ಕೂತು ಒಂದು ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದೇನೆ. ಕಥೆ ನಡೆಯುವುದು 1441ರ ಲಂಡನ್‌ನಲ್ಲಿ. ಆಗ ಆರನೇ ಹೆನ್ರಿಗೆ ಇನ್ನೂ ಮದುವೆಯೇ ಆಗಿರಲಿಲ್ಲ. ಅವನಿಗೆ ಏನಾದರೂ ಆದರೆ ಪಟ್ಟ ಹೋಗುತ್ತಿದ್ದದ್ದು ಚಿಕ್ಕಪ್ಪ ಹಂಫ್ರಿಗೆ, ಅಂದರೆ ಗ್ಲೌಸೆಸ್ಟರ್ ಡ್ಯೂಕ್‌ಗೆ. ಹಂಫ್ರಿಯ ಹೆಂಡತಿ ಎಲಿನರ್ ಕಾಬಮ್. ರಾಜ ಯಾವಾಗ ಸಾಯುತ್ತಾನೆ ಅಂತ ಜಾತಕ ನೋಡಿಸಿದಳು, ಮೇಣದ ಬೊಂಬೆ ಮಾಡಿಸಿ ಮಾಟಕ್ಕೆ ಕೈ ಹಾಕಿದಳು ಅಂತ ಅವಳ ಮೇಲೆ ಆರೋಪ ಬಂತು. ಜಾತಕ ಹಾಕಿದ ರೋಜರ್ ಬೋಲಿಂಗ್‌ಬ್ರೋಕ್‌ನನ್ನು ಜುಲೈ 23ರಂದು ಸೇಂಟ್ ಪಾಲ್ಸ್ ಚರ್ಚಿನ ಅಂಗಳದಲ್ಲಿ, ಅವನ ಕತ್ತಿ, ತಾಮ್ರದ ಬೊಂಬೆ, ಬಣ್ಣದ ಕುರ್ಚಿ ಸಮೇತ ಜನರ ಮುಂದೆ ಕೂರಿಸಿದರು.

ನನ್ನ ಕೊಲೆ ಕಲ್ಪನೆಯದು. ಅದೇ ರಾತ್ರಿ ಗಿಡಮೂಲಿಕೆ ಅಂಗಡಿಯ ಹುಡುಗನೊಬ್ಬ ಗಲ್ಲಿಯಲ್ಲಿ ಸತ್ತು ಬಿದ್ದಿರುತ್ತಾನೆ. ಮೈ ಮೇಲೆ ಗಾಯವಿಲ್ಲ, ಜೇಬಿನಲ್ಲಿ ಮೇಣದ ಬೊಂಬೆ. ತನಿಖೆ ಮಾಡುವವನು ಕೊರೋನರ್ (ಅನುಮಾನದ ಸಾವುಗಳ ವಿಚಾರಣೆ ಮಾಡುವ ಅಧಿಕಾರಿ) ಕಚೇರಿಯ ಗುಮಾಸ್ತ. 180 ಪುಟ ಆಗಿದೆ. 11ನೇ ಅಧ್ಯಾಯದಲ್ಲಿ ನಿಂತಿದ್ದೇನೆ.

ಮೂರು ಪ್ರಶ್ನೆ. ಮಾಟ ನಿಜವಾಗಿ ಕೆಲಸ ಮಾಡಿತು ಅಂತ ಬರೆಯಲೇ, ಇಲ್ಲ ವಿಷ ಅಂತ ಬಿಡಿಸಲೇ? ಮಾತುಕತೆಯಲ್ಲಿ ಯಾವ ಕನ್ನಡ ಇಡಲಿ? ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಲೇ? ನೀವು ಏನು ಮಾಡಿದಿರಿ ಹೇಳಿ.

ಹಳೇ ಪೋಸ್ಟ್‌ಮಾಸ್ಟರ್

ತಮ್ಮಾ, ಮೊದಲು ದುಡ್ಡಿನ ವಿಷಯ. ಮಾಟ ಆಮೇಲೆ.

ನಾನು ಬರೆದದ್ದು ಕವೆಂಟ್ರಿ ಕೇಸು, 1324. ನಿಮ್ಮದಕ್ಕಿಂತ ನೂರು ವರ್ಷ ಹಿಂದಿನದು, ನಿಮ್ಮದಕ್ಕಿಂತ ನೂರು ಪಾಲು ಚೆನ್ನಾಗಿದೆ. ಊರಿನ ಇಪ್ಪತ್ತಕ್ಕೂ ಜಾಸ್ತಿ ಜನ ಸೇರಿ ಜಾನ್ ಆಫ್ ನಾಟಿಂಗ್‌ಹ್ಯಾಮ್ ಎಂಬ ಮಂತ್ರವಾದಿಗೆ ಸುಪಾರಿ ಕೊಟ್ಟರು. ಸಾಯಬೇಕಾದವರ ಪಟ್ಟಿಯಲ್ಲಿ ಎರಡನೇ ಎಡ್ವರ್ಡ್ ರಾಜ, ಅವನಿಗೆ ಬೇಕಾದವರಾದ ಡಿಸ್ಪೆನ್ಸರ್ ಅಪ್ಪ-ಮಗ, ಊರನ್ನು ಹಿಂಡುತ್ತಿದ್ದ ಮಠದ ಪ್ರಯರ್, ಅಂದರೆ ಮುಖ್ಯಸ್ಥ. ಮಂತ್ರವಾದಿಗೆ 20 ಪೌಂಡ್, ಅವನ ಸಹಾಯಕ ರಾಬರ್ಟ್‌ಗೆ 15 ಪೌಂಡ್ ಅಂತ ಮಾತಾಯಿತು. ಏಳು ಪೌಂಡ್ ತೂಕದ ಮೇಣ ತಂದು ಕೊಟ್ಟರು. ಬೊಂಬೆಗಳು ಆದವು. ರಾಜನ ಮೇಲೆ ಕೈ ಹಾಕುವ ಮೊದಲು ಅಲ್ಲೇ ಹತ್ತಿರದ ರಿಚರ್ಡ್ ಡಿ ಸೋ ಎಂಬುವನ ಮೇಲೆ ಟ್ರಯಲ್ ನೋಡಿದರು. ಮಧ್ಯರಾತ್ರಿ ಬೊಂಬೆಯ ಹಣೆಗೆ ಸೀಸದ ಮೊಳೆ. ಬೆಳಿಗ್ಗೆ ರಿಚರ್ಡ್‌ಗೆ ಹುಚ್ಚು, ಬೊಬ್ಬೆ, ಯಾರ ಗುರುತೂ ಇಲ್ಲ. ಸುಮಾರು ಮೂರು ವಾರ ಹಾಗೇ ಬಿಟ್ಟು, ಆಮೇಲೆ ಮೊಳೆಯನ್ನು ಹಣೆಯಿಂದ ಕಿತ್ತು ಎದೆಗೆ ಚುಚ್ಚಿದರು. ಮೂರೇ ದಿನಕ್ಕೆ ಸತ್ತ.

ಇದನ್ನೆಲ್ಲ ಕೋರ್ಟಿಗೆ ಹೇಳಿದವನು ಯಾರು? ಅದೇ ರಾಬರ್ಟ್. ಮಾಫಿ ಸಾಕ್ಷಿ ಆದ. ಜಾನ್ ವಿಚಾರಣೆಗೆ ಮೊದಲೇ ಜೈಲಿನಲ್ಲಿ ಸತ್ತ. ಊರಿನವರೆಲ್ಲ ಬಿಡುಗಡೆ. ಅಂದರೆ ಇಡೀ ಕಥೆಗೆ ಇರುವುದು ಒಬ್ಬ ಸಿಕ್ಕಿಬಿದ್ದವನ ಬಾಯಿಮಾತು! ನಾನು ಅದನ್ನೇ ಹಿಡಿದು ಮಾಟ ನಿಜ ಅಂತಲೂ ಹೇಳಲಿಲ್ಲ, ಸುಳ್ಳು ಅಂತಲೂ ಹೇಳಲಿಲ್ಲ.

ಈಗ ಲೆಕ್ಕ. 328 ಪುಟ. ಡಿಟಿಪಿ ಪುಟಕ್ಕೆ 30 ರೂಪಾಯಿಯಂತೆ 9,840. ಪ್ರೂಫ್ ಎರಡು ಸಲ, 5,000. ಮುಖಪುಟ 4,500. ಕಲಾವಿದ ಚೂಪು ಟೋಪಿ ಹಾಕಿದ, ಪೊರಕೆ ಮೇಲೆ ಕೂತ ಮಾಟಗಾತಿ ಬರೆದು ತಂದ. ನನ್ನ ಕಥೆಯಲ್ಲಿ ಮಾಟಗಾತಿಯೇ ಇಲ್ಲ ಮಾರಾಯ್ರೇ. ಇನ್ನೊಂದು ಚಿತ್ರಕ್ಕೆ 3,000. ಅಚ್ಚು 500 ಪ್ರತಿಗೆ 62,000. ಬಿಡುಗಡೆಗೆ ಹಾಲ್ ಬಾಡಿಗೆ, ಉಪ್ಪಿಟ್ಟು, ಕೇಸರಿಬಾತ್, ಹಾರ, ಶಾಲು ಸೇರಿ 7,200. ಒಟ್ಟು 91,540.

ಬಂದದ್ದು? ಬೆಲೆ 350. ವಿತರಕರು ಶೇ 40 ಹಿಡಿದುಕೊಂಡರು. ಅವರ ಕಡೆಯಿಂದ 118 ಪ್ರತಿ ಹೋಯಿತು. ಹಣ ಬಂದದ್ದು 70ಕ್ಕೆ, 14,700. ಉಳಿದ 48ಕ್ಕೆ ಎರಡು ವರ್ಷದಿಂದ ಫೋನ್ ಮಾಡುತ್ತಿದ್ದೇನೆ. ನಾನೇ ಚೀಲದಲ್ಲಿ ಹೊತ್ತು ಮಾರಿದ್ದು 64, ತಲಾ 300ಕ್ಕೆ, 19,200. ಗೌರವ ಪ್ರತಿ ಅಂತ 90 ಹೋದವು. 228 ಪ್ರತಿ ಮಂಚದ ಕೆಳಗಿವೆ. ನಷ್ಟ 57,640. ಮನೆಯವಳು ಈಗಲೂ 'ಆ ಕವೆಂಟ್ರಿ ದುಡ್ಡು' ಅಂತಲೇ ಅನ್ನುತ್ತಾಳೆ.

ಇನ್ನೊಂದು. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಸಿ ಯೂನಿಕೋಡ್‌ಗೆ ತಿರುಗಿಸಿದಾಗ ಅರ್ಕಾವೊತ್ತು ಎಲ್ಲಾ ಜಾಗ ಬಿಟ್ಟಿತು. 'ಅರ್ಲ್' (ಅಲ್ಲಿನ ಸರದಾರರ ಪದವಿ) ಇದ್ದಲ್ಲೆಲ್ಲಾ 'ಅಲ್ರ್'. ಅಚ್ಚಾದ ಮೇಲೆ ಗೊತ್ತಾಯಿತು.

ನಿಶಾಚರಿ

ಪೋಸ್ಟ್‌ಮಾಸ್ಟರ್ ಸಾರ್, ನಿಮ್ಮ ಪುಸ್ತಕ ನಾನು ಓದಿದ್ದೇನೆ. ಆ 64ರಲ್ಲಿ ನಾನೂ ಒಬ್ಬಳು. ಬೇಜಾರು ಮಾಡಿಕೊಳ್ಳಬೇಡಿ. ಹಾಗಾದರೆ ರಿಚರ್ಡ್‌ನನ್ನು ಕೊಂದವರು ಯಾರು? 328 ಪುಟ ಓದಿಸಿ ಕೊನೆಗೆ 'ದೇವರೇ ಬಲ್ಲ' ಅಂದರೆ ಓದುಗರು ಏನು ಮಾಡಬೇಕು?

ನಾನು ಅಚ್ಚು-ಗಿಚ್ಚು ತಲೆಬಿಸಿ ತೆಗೆದುಕೊಳ್ಳಲಿಲ್ಲ. ಮೊಬೈಲಿನಲ್ಲಿ ಓದುವ ಧಾರಾವಾಹಿ ಆಪ್ ಒಂದರಲ್ಲಿ 42 ಕಂತು ಹಾಕಿದೆ. ನನ್ನದು ಮಾರ್ಜರಿ ಜೋರ್ಡ್‌ಮೇನ್ ಕಥೆ. ವೆಸ್ಟ್‌ಮಿನ್‌ಸ್ಟರ್ ಪಕ್ಕದ ಐ ಎಂಬ ಹಳ್ಳಿಯವಳು, ಗುಮಾಸ್ತರ ಎಲಿನರ್‌ಗೆ ಮದ್ದು ಕೊಟ್ಟವಳು. ಮಾಟ ನಿಜ ಅಂತ ಮೊದಲ ಕಂತಿನಲ್ಲೇ ಹೇಳಿಬಿಟ್ಟೆ. ಅವಳು ಬೊಂಬೆ ಮುಟ್ಟಿದರೆ ಬೆರಳು ಕಪ್ಪಾಗುತ್ತದೆ. ಜನ ಹುಚ್ಚೆದ್ದು ಓದಿದರು. ಎಂಟು ತಿಂಗಳಲ್ಲಿ 3,140 ರೂಪಾಯಿ ಬಂತು. ಕಡಿಮೆ ಅಂತ ನಗಬೇಡಿ, ಮೈನಸ್ ಅಂತೂ ಅಲ್ಲ. 19ನೇ ಕಂತಿಗೆ ಒಂದೇ ರಾತ್ರಿ 200 ಕಾಮೆಂಟ್.

ಆದರೆ ಕಷ್ಟ ಇಲ್ಲ ಅಂತಲ್ಲ. ದಿನಾ ರಾತ್ರಿ 9ಕ್ಕೆ ಕಂತು ಹಾಕಬೇಕು. ಮಗನ ಪರೀಕ್ಷೆ ಸಮಯದಲ್ಲಿ ನಾಲ್ಕು ದಿನ ತಪ್ಪಿತು. ಓದುಗರು ಅರ್ಧಕ್ಕರ್ಧ ಓಡಿಹೋದರು. ಮಾರ್ಜರಿಯನ್ನು ಸುಡುವ ಕಂತು ಹಾಕಿದ ದಿನ 'ಅವಳನ್ನು ಬದುಕಿಸಿ' ಅಂತ ಗಲಾಟೆ. ಇತಿಹಾಸದಲ್ಲಿ ಸತ್ತವಳನ್ನು ಬದುಕಿಸುವುದು ಹೇಗೆ? ಬದುಕಿಸಿದೆ. ಈಗಲೂ ನಾಚಿಕೆ ಆಗುತ್ತದೆ.

ಹಳೇ ಪೋಸ್ಟ್‌ಮಾಸ್ಟರ್

ನಾಚಿಕೆ ಆಗಲೇಬೇಕು.

ಕೋರ್ಟ್ ಹಾಲ್ 7

ನಾನು ವಕೀಲ. 9 ವರ್ಷ ಇಂಥದೇ ಕಾದಂಬರಿ ಬರೆದು ಬಿಟ್ಟವನು. ಬಿಟ್ಟದ್ದಕ್ಕೆ ಬೇಸರವಿಲ್ಲ. (ಇದೆ.)

ನಿಶಾಚರಿ ಮೇಡಂ, ಮಾಟ ನಿಜವಾದರೆ ಪತ್ತೇದಾರ ಯಾಕೆ? ಅವನು ಹಾಜರಿ ಹಾಕಿ ಮನೆಗೆ ಹೋಗಬಹುದಲ್ಲ?

ನನ್ನ ಗೋಳು ಬೇರೆ. ನಾನು ಮೊದಲು ಆ ಕಾಲದ ಪತ್ತೇದಾರ ಅಂದರೆ ನಮ್ಮ ಸಬ್‌ಇನ್‌ಸ್ಪೆಕ್ಟರ್ ಥರ ಅಂದುಕೊಂಡಿದ್ದೆ. ಮೂರು ವರ್ಷ ಹಾಗೇ ಬರೆದೆ. ಆಮೇಲೆ ಕೊರೋನರ್ ದಾಖಲೆ ಓದಿದೆ. ಪೊಲೀಸರೇ ಇಲ್ಲ! 1194ರಿಂದ ಕೊರೋನರ್ ಇದ್ದ. ಆದರೆ ಅವನ ಮೊದಲ ಚಿಂತೆ ರಾಜನಿಗೆ ಎಷ್ಟು ಸಿಗುತ್ತದೆ ಎಂಬುದು. ಹೆಣ ಕಂಡವನು ಕೂಗೆಬ್ಬಿಸಬೇಕು, ನೆರೆಹೊರೆಯವರು ಓಡಿಬರಬೇಕು, ಬರದಿದ್ದರೆ ದಂಡ. ಊರಿನವರದೇ ಜ್ಯೂರಿ. ಹೆಣವನ್ನು ಎದುರಿಗೆ ಇಟ್ಟುಕೊಂಡೇ ವಿಚಾರಣೆ. ಗಾಯ ಎಷ್ಟು ಅಂಗುಲ ಉದ್ದ, ಎಷ್ಟು ಆಳ ಅಂತ ಬರೆಯಬೇಕು. ಕೊಂದ ಚಾಕುವಿಗೂ ಬೆಲೆ ಕಟ್ಟಬೇಕು. ಗಾಡಿ ಹರಿದು ಸತ್ತರೆ ಗಾಡಿಗೇ ಬೆಲೆ. ಅದಕ್ಕೆ ಡಿಯೋಡ್ಯಾಂಡ್ ಅಂತ ಹೆಸರು, 'ದೇವರಿಗೆ ಕೊಡಬೇಕಾದದ್ದು' ಅಂತ ಅರ್ಥ. ಹೋಗುತ್ತಿದ್ದದ್ದು ರಾಜನ ಖಜಾನೆಗೆ.

ನನ್ನ ಕೊಲೆಗಾರ ಏಳನೇ ಅಧ್ಯಾಯದಲ್ಲಿ ಚರ್ಚಿಗೆ ಓಡಿದ. 40 ದಿನ ಅವನನ್ನು ಯಾರೂ ಮುಟ್ಟುವ ಹಾಗಿಲ್ಲ. ತಪ್ಪೊಪ್ಪಿಕೊಂಡು, ಬರಿಗಾಲಲ್ಲಿ ಬಂದರಿಗೆ ನಡೆದು, ದೇಶ ಬಿಟ್ಟರೆ ಪ್ರಾಣ ಉಳಿಯಿತು. ಸರಿ, ಅವನನ್ನು ಚರ್ಚಿಗೆ ಓಡಿಸದೆ ಬರೆದೆ. ಆಗ ಹೊಸ ತೊಂದರೆ. ಅವನು ಓದು ಬಲ್ಲ ಗುಮಾಸ್ತ. ಬೈಬಲ್ಲಿನ ಒಂದು ಸಾಲು ಓದಿ ತೋರಿಸಿದರೆ ಪಾದ್ರಿ ವರ್ಗ ಅಂತಾಗಿ ಬಿಷಪ್ ಕೈಗೆ ಹೋಗುತ್ತಾನೆ, ನೇಣು ತಪ್ಪುತ್ತದೆ. ಹೀಗೆ ನಾಲ್ಕು ಸಲ ಕೊಲೆಗಾರನನ್ನು ಬದಲಾಯಿಸಿದೆ. ಕೊನೆಗೆ ಕೊಂದವನು ಯಾರು ಅಂತ ನನಗೇ ಆಸಕ್ತಿ ಹೋಯಿತು. ಫೈಲಿನ ಹೆಸರು 'ಫೈನಲ್ 14'.

ಗುಮಾಸ್ತರೇ, ನಿಮ್ಮ ಹುಡುಗನ ಮೈ ಮೇಲೆ ಗಾಯ ಇಲ್ಲ ಅಂದಿರಿ. ಜ್ಯೂರಿ ಏನು ಬರೆಯುತ್ತದೆ? ಇನ್ನೊಂದು, ಲಂಡನ್‌ನಲ್ಲಿ ಕೊರೋನರ್ ಪದವಿ ಇದ್ದದ್ದು ರಾಜನ ಬಟ್ಲರ್‌ಗೆ, ವೈನ್ ವ್ಯವಹಾರ ನೋಡಿಕೊಳ್ಳುವವನಿಗೆ. ಹೆಣ ನೋಡಲು ಹೋಗುತ್ತಿದ್ದವನು ಅವನ ಕೈಕೆಳಗಿನವನು. ನಿಮ್ಮ ಗುಮಾಸ್ತ ಅವನ ಕೈಕೆಳಗಿನವನ ಕೈಕೆಳಗಿನವನು. ಅದೊಂದು ಚೆನ್ನಾಗಿದೆ.

ಯಾರ್ಕ್‌ಷೈರ್ ಅಕ್ಕ

ಮೊದಲು ಒಂದು ಮಾತು. ಗ್ಲೌಸೆಸ್ಟರ್ ಅಲ್ಲಪ್ಪಾ. ಗ್ಲಾಸ್ಟರ್. 22 ವರ್ಷದಿಂದ ಲೀಡ್ಸ್‌ನಲ್ಲಿದ್ದೇನೆ, ಆ ಹೆಸರನ್ನು ಹಾಗೆ ಕನ್ನಡದಲ್ಲಿ ನೋಡಿದಾಗ ಹಲ್ಲು ನೋವು ಬರುತ್ತದೆ.

ನಿಮ್ಮಲ್ಲಿ ಯಾರಾದರೂ ಆ ಜಾಗ ನೋಡಿದ್ದೀರಾ? ನಾನು ಎಲಿನರ್ ನಡೆದ ದಾರಿಯನ್ನು ನಡೆದಿದ್ದೇನೆ. ಮೂರೂ ದಾರಿ. ಶಿಕ್ಷೆ ಅಂತ ಅವಳನ್ನು ಮೂರು ದಿನ ಲಂಡನ್ ಬೀದಿಯಲ್ಲಿ ನಡೆಸಿದರು, 1441ರ ನವೆಂಬರ್ 13, 15, 17. ಸೋಮವಾರ, ಬುಧವಾರ, ಶುಕ್ರವಾರ. ಸಂತೆ ದಿನಗಳು, ಜನ ಜಾಸ್ತಿ ಇರಲಿ ಅಂತ. ದೋಣಿಯಲ್ಲಿ ತಂದು ಇಳಿಸುವುದು, ಕೈಯಲ್ಲಿ ಎರಡು ಪೌಂಡ್ ತೂಕದ ಮೇಣದ ಬತ್ತಿ, ಚರ್ಚಿನವರೆಗೆ ನಡಿಗೆ. ಮೊದಲ ದಿನ ಸೇಂಟ್ ಪಾಲ್ಸ್, ಆಮೇಲೆ ಆಲ್ಡ್‌ಗೇಟ್ ಕಡೆಯ ಕ್ರೈಸ್ಟ್ ಚರ್ಚ್, ಕೊನೆಗೆ ಕಾರ್ನ್‌ಹಿಲ್. ನಾನು ನಡೆದದ್ದೂ ನವೆಂಬರ್‌ನಲ್ಲೇ. ರೈಲು ಟಿಕೆಟ್ 84 ಪೌಂಡ್, ಹೋಟೆಲ್ ಎರಡು ರಾತ್ರಿಗೆ 210, ಮಳೆಯಲ್ಲಿ ಬೂಟು ಹಾಳಾಗಿ ಹೊಸದಕ್ಕೆ 65. ಮುಂದಿನ ವರ್ಷ ವೇಲ್ಸ್‌ನ ಬೊಮಾರಿಸ್ ಕೋಟೆಗೆ ಹೋದೆ, ಅವಳು 1452ರಲ್ಲಿ ಸೆರೆಯಲ್ಲೇ ಸತ್ತ ಜಾಗ. ಗಂಡ ಕಾರಿನಿಂದ ಇಳಿಯಲೇ ಇಲ್ಲ. ಸ್ಮಿತ್‌ಫೀಲ್ಡ್ ಈಗಲೂ ಮಾಂಸದ ಮಾರುಕಟ್ಟೆ. ಅಲ್ಲೇ ಮಾರ್ಜರಿಯನ್ನು ಅಕ್ಟೋಬರ್ 27ರಂದು ಸುಟ್ಟದ್ದು. ಅಲ್ಲಿ ನಿಂತು ಅತ್ತಿದ್ದೇನೆ. ನಿಶಾಚರಿ, ನೀವು ಆಪ್‌ನಲ್ಲಿ ಅವಳನ್ನು ಬದುಕಿಸಿ 3,000 ಗಳಿಸಿದಿರಿ.

ಮನೆಯಲ್ಲಿ ಕೂತು ಬರೆಯುವವರ ಕಥೆಯಲ್ಲಿ ಏನಿರುತ್ತದೆ ಗೊತ್ತಾ? ಆಲೂಗಡ್ಡೆ. ಒಬ್ಬರು ಹಸ್ತಪ್ರತಿ ಕಳಿಸಿದ್ದರು, 1300ರ ಇಂಗ್ಲೆಂಡಿನ ರೈತ ಆಲೂಗಡ್ಡೆ ಸಾರು ಉಣ್ಣುತ್ತಾನೆ. ಆಲೂಗಡ್ಡೆ, ಟೊಮ್ಯಾಟೊ, ಮೆಣಸಿನಕಾಯಿ ಎಲ್ಲಾ ಅಮೆರಿಕದಿಂದ ಬಂದದ್ದು. 1441ಕ್ಕೆ ಕೊಲಂಬಸ್ ಹುಟ್ಟಿಯೇ ಇಲ್ಲ. ಟೀ ಇಲ್ಲ, ತಂಬಾಕು ಇಲ್ಲ. ಶುಕ್ರವಾರ ಮಾಂಸ ಇಲ್ಲ, ಮೀನು. ಮತ್ತೆ, ಜೇಬಿನಲ್ಲಿ ಬೊಂಬೆ ಅಂದಿರಲ್ಲ? ಈಗಿನ ಥರ ಹೊಲಿದ ಜೇಬು ಆಗ ಇರಲಿಲ್ಲ. ಸೊಂಟಕ್ಕೆ ಚೀಲ ಕಟ್ಟಿಕೊಳ್ಳುತ್ತಿದ್ದರು. ನಿಮ್ಮ ಕೊಲೆಯ ಮುಖ್ಯ ಸಾಕ್ಷಿ ಇಡಲು ಜಾಗವೇ ಇಲ್ಲ!

ನಿಶಾಚರಿ

ಅಕ್ಕಾ, 11 ನೋಟ್‌ಬುಕ್ ತುಂಬಿದೆ ಅಂತ ಹೋದ ವರ್ಷವೂ ಹೇಳಿದ್ದಿರಿ. ಕಾದಂಬರಿ ಎಲ್ಲಿ?

ಯಾರ್ಕ್‌ಷೈರ್ ಅಕ್ಕ

13 ನೋಟ್‌ಬುಕ್. ಬರೆಯುವವರಿಗೆ ಅವಸರ ಇರಬಾರದು.

ಕೋರ್ಟ್ ಹಾಲ್ 7

ಅಕ್ಕ ಹೇಳಿದ್ದಕ್ಕೆ ಸೇರಿಸುತ್ತೇನೆ. ಇಂಗ್ಲೆಂಡಿನಲ್ಲಿ ಮಾಟಗಾತಿಯರನ್ನು ಸುಡುತ್ತಿರಲಿಲ್ಲ, ನೇಣು ಹಾಕುತ್ತಿದ್ದರು. ಅದೂ 1542ರ ಕಾಯ್ದೆ ಬಂದ ನಂತರದ ಮಾತು.

ಯಾರ್ಕ್‌ಷೈರ್ ಅಕ್ಕ

ಹಾಗಾದರೆ ಮಾರ್ಜರಿ ಏನು ಜ್ವರ ಬಂದು ಸತ್ತಳಾ? ಸುಟ್ಟರು ಅಂತ ಆಗಿನ ವೃತ್ತಾಂತಗಳೇ ಹೇಳುತ್ತವೆ. ಒಂಬತ್ತು ವರ್ಷದಲ್ಲಿ ಇಷ್ಟೂ ಓದಲಿಲ್ಲವಾ?

ಕೋರ್ಟ್ ಹಾಲ್ 7

ಪೂರ್ತಿ ಹೇಳಲು ಬಿಡಿ. ಅವಳನ್ನು ಸುಟ್ಟದ್ದು ಮಾಟಕ್ಕೆ ಅಂತಲ್ಲ. 1430ರಲ್ಲಿ ಒಮ್ಮೆ ಇದೇ ಆರೋಪದ ಮೇಲೆ ವಿಂಡ್ಸರ್‌ನಲ್ಲಿ ಹಿಡಿದಿಟ್ಟಿದ್ದರು. ಇನ್ನು ಮಾಡುವುದಿಲ್ಲ ಅಂತ ಒಪ್ಪಿಸಿ 1432ರಲ್ಲಿ ಬಿಟ್ಟರು. ಮತ್ತೆ ಸಿಕ್ಕಿಬಿದ್ದಳು. ಧರ್ಮದ್ರೋಹ ಬಿಟ್ಟೆ ಅಂತ ಹೇಳಿ ಮತ್ತೆ ಅದಕ್ಕೇ ಹೋದವರಿಗೆ ಬೆಂಕಿ. 1401ರ ಕಾಯ್ದೆ. ಬೋಲಿಂಗ್‌ಬ್ರೋಕ್‌ದು ರಾಜದ್ರೋಹ, ಹಾಗಾಗಿ ಲಂಡನ್ನಿನ ಗಲ್ಲಿನ ಜಾಗ ಟೈಬರ್ನ್‌ನಲ್ಲಿ ನೇಣು, ಆಮೇಲೆ ನಾಲ್ಕು ತುಂಡು. ಅದು ನವೆಂಬರ್ 18, ಎಲಿನರ್ ಕೊನೇ ಸಲ ನಡೆದ ಮಾರನೇ ದಿನ. ಇದೇ ಕೇಸಿನ ಮೂರನೆಯವನು ಥಾಮಸ್ ಸೌತ್‌ವೆಲ್ ತೀರ್ಪು ಜಾರಿಯಾಗುವ ಮೊದಲೇ ಟವರ್ ಸೆರೆಮನೆಯಲ್ಲಿ ಸತ್ತ. ಒಂದೇ ಕೇಸು, ಒಬ್ಬೊಬ್ಬರಿಗೆ ಒಂದೊಂದು ಸಾವು. ಇದನ್ನು ಬರೆಯಲೆಂದೇ ನಾನು ಶುರು ಮಾಡಿದ್ದು.

ಹಂಪಿ ಎಕ್ಸ್‌ಪ್ರೆಸ್

ಎಲ್ಲರಿಗೂ ಒಂದೇ ಪ್ರಶ್ನೆ. ಇಂಗ್ಲೆಂಡ್ ಯಾಕೆ? ಅದೇ ಸಮಯಕ್ಕೆ ನಮ್ಮಲ್ಲಿ ಎರಡನೇ ದೇವರಾಯ ಆಳುತ್ತಿದ್ದ. 1443ರ ಹೊತ್ತಿಗೆ ಅವನ ತಮ್ಮ ಹೊಸ ಮನೆ ಕಟ್ಟಿಸಿ ದೊಡ್ಡವರನ್ನೆಲ್ಲ ಊಟಕ್ಕೆ ಕರೆದ. ಹೊರಗೆ ಡೋಲು, ಕಹಳೆ. ಒಳಗೆ ಒಬ್ಬೊಬ್ಬರನ್ನೇ ಕರೆದು ಕೊಂದರು. ಆಮೇಲೆ ರಾಜನ ಮೇಲೇ ಚೂರಿ ಹಾಕಿದ, ರಾಜ ಬದುಕಿಕೊಂಡ. ಅದಾದ ಮೇಲೆ ಹಂಪಿಗೆ ಬಂದ ಪರ್ಶಿಯಾದ ರಾಯಭಾರಿ ಅಬ್ದುಲ್ ರಜಾಕ್ ಬರೆದಿಟ್ಟಿದ್ದಾನೆ. ಇಂಥದ್ದು ಅಂಗಳದಲ್ಲಿ ಬಿದ್ದಿರುವಾಗ ಯಾವನೋ ಡ್ಯೂಕ್‌ನ ಹೆಂಡತಿ ಹಿಂದೆ ಬಿದ್ದಿದ್ದೀರಲ್ಲ.

ನಿಶಾಚರಿ

ಬಂದರು. ಪ್ರತಿ ಸಲ ಬರುತ್ತಾರೆ. ಅಷ್ಟು ಚೆನ್ನಾಗಿದ್ದರೆ ನೀವೇ ಬರೆಯಿರಿ ಸ್ವಾಮಿ, ಯಾರು ಬೇಡ ಅಂದರು?

ಹಂಪಿ ಎಕ್ಸ್‌ಪ್ರೆಸ್

ಬರೆದಿದ್ದೆ. ಇಬ್ಬರು ಪ್ರಕಾಶಕರು 'ಐತಿಹಾಸಿಕ ಕಾದಂಬರಿ ಹೋಗಲ್ಲ' ಅಂತ ವಾಪಸ್ ಕಳಿಸಿದರು. ಲಂಡನ್ ಅಂದಿದ್ದರೆ ಹೋಗುತ್ತಿತ್ತೇನೋ.

ಹಳೇ ಪೋಸ್ಟ್‌ಮಾಸ್ಟರ್

ಹೋಗಲ್ಲ. ಮಂಚದ ಕೆಳಗೆ ನೋಡಿ ಬೇಕಾದರೆ.

ಅರ್ಧಕ್ಕೆ ನಿಂತ ಅನುವಾದಕ

ನನ್ನದು ಎಲ್ಲರಿಗಿಂತ ಮೂರ್ಖತನ, ಹೇಳಿಕೊಂಡರೆ ಹಗುರಾಗುತ್ತದೆ ಅಂತ ಬರೆಯುತ್ತಿದ್ದೇನೆ.

ನಾನು ಸ್ವಂತ ಬರೆಯಲಿಲ್ಲ. ಇಂಥದೇ ಒಂದು ಇಂಗ್ಲಿಷ್ ಕಾದಂಬರಿ ಸಿಕ್ಕಿತು. ಕೊಲೆ, ಅರಮನೆ ಒಳಜಗಳ, ಮಾಟ ಎಲ್ಲಾ ಇತ್ತು. 410 ಪುಟ, 14 ತಿಂಗಳು ಕೂತು ಪೂರ್ತಿ ಅನುವಾದ ಮಾಡಿದೆ. ಆಮೇಲೆ ಹಕ್ಕು ಕೇಳಿದೆ. ಹೌದು, ಆಮೇಲೆ. ಲೇಖಕರ ಏಜೆಂಟ್‌ನಿಂದ ಐದು ತಿಂಗಳ ಮೇಲೆ ಎರಡು ಸಾಲಿನ ಉತ್ತರ ಬಂತು. ಮುಂಗಡ 600 ಪೌಂಡ್, ಮೇಲೆ ರಾಯಲ್ಟಿ. ನನ್ನ ಪ್ರಕಾಶಕರು ಗೊಳ್ಳೆಂದು ನಕ್ಕರು. 'ಆ ದುಡ್ಡಿಗೆ ಪುಸ್ತಕವೇ ಅಚ್ಚಾಗುತ್ತೆ ಕಣ್ರೀ' ಅಂದರು. ಪೆನ್‌ಡ್ರೈವ್ ದೇವರ ಮನೆಯ ಡ್ರಾಯರ್‌ನಲ್ಲಿದೆ.

ಆದರೆ ಭಾಷೆ ವಿಷಯ ಯಾರೂ ಹೇಳಲಿಲ್ಲ, ಅದನ್ನು ಹೇಳುತ್ತೇನೆ. ಮೊದಲ ಕರಡಿನಲ್ಲಿ ಯಾರ್ಕ್ ಕಡೆಯವರಿಗೆ ಧಾರವಾಡ ಕನ್ನಡ, ಕೆಂಟ್‌ನವರಿಗೆ ಕುಂದಾಪ್ರ ಕನ್ನಡ ಹಾಕಿದೆ. ಒಬ್ಬ ರೈತ ಅರ್ಲ್‌ಗೆ 'ಬುದ್ಧೀ' ಅನ್ನುತ್ತಿದ್ದ. ತಂಗಿ ಓದಿ ನಕ್ಕು ನಕ್ಕು ಸುಸ್ತಾದಳು. ಎಲ್ಲ ಅಳಿಸಿದೆ. ಎರಡನೇ ಕರಡಿನಲ್ಲಿ ಡ್ಯೂಕ್‌ನನ್ನು ಮಹಾಮಂಡಲೇಶ್ವರ ಮಾಡಿದೆ, ಶೆರೀಫ್‌ನನ್ನು ಅಮಲ್ದಾರ ಮಾಡಿದೆ. ಓದಿದರೆ ಲಂಡನ್ ಹೋಗಿ ನಂಜನಗೂಡಾಗಿತ್ತು. ಮೂರನೇದರಲ್ಲಿ ಡ್ಯೂಕ್ ಡ್ಯೂಕ್ ಆಗಿಯೇ ಉಳಿದ.

ಕೊನೆಗೆ ಕೆಲಸಕ್ಕೆ ಬಂದದ್ದು ನೀನು-ನೀವು. ಆಗಿನ ಇಂಗ್ಲಿಷ್‌ನಲ್ಲೂ ಅದಿತ್ತು. ದೌ ಅಂದರೆ ನೀನು, ಯೀ ಅಂದರೆ ನೀವು. ಈಗಿನ ಇಂಗ್ಲಿಷ್‌ನಲ್ಲಿ ಬರೆಯುವವರಿಗೆ ಅದು ಕೈತಪ್ಪಿದೆ, ಎಲ್ಲರಿಗೂ ಯೂ. ನಮಗೆ ಇನ್ನೂ ಇದೆ. ಹಂಫ್ರಿ ಜೊತೆಗಿನ ಮದುವೆ ರದ್ದಾದ ಮೇಲೆ ದಾಖಲೆಗಳಲ್ಲಿ ಎಲಿನರ್‌ಳನ್ನು 'ಇತ್ತೀಚಿನವರೆಗೆ ಡಚೆಸ್ (ಡ್ಯೂಕ್‌ನ ಹೆಂಡತಿ) ಎನಿಸಿಕೊಂಡಿದ್ದ' ಅಂತ ಬರೆದರು. ಅಲ್ಲಿಯವರೆಗೆ 'ನೀವು' ಅನ್ನುತ್ತಿದ್ದ ಕಾವಲುಗಾರ ಅವತ್ತು ಬೆಳಿಗ್ಗೆ 'ಏಳು, ದೋಣಿ ಬಂತು' ಅಂದರೆ ಮುಗಿಯಿತು. ಅದಕ್ಕಿಂತ ಜಾಸ್ತಿ ವಿವರಣೆ ಬೇಡ.

ಯಾರ್ಕ್‌ಷೈರ್ ಅಕ್ಕ

ಇದನ್ನು ನನ್ನ ನೋಟ್‌ಬುಕ್‌ಗೆ ತೆಗೆದುಕೊಳ್ಳುತ್ತೇನೆ.

ಅರ್ಧಕ್ಕೆ ನಿಂತ ಅನುವಾದಕ

ಹೆಸರು ಹಾಕಿ ತೆಗೆದುಕೊಳ್ಳಿ.

ಗುಮಾಸ್ತ (ಕೇಳಿದವರು)

ಎಲ್ಲರಿಗೂ ಧನ್ಯವಾದ. ತುಂಬಾ ಕಲಿತೆ. ಆದರೆ 11ನೇ ಅಧ್ಯಾಯದ ಮಾಟದ ವಿಷಯ...

ನಿಶಾಚರಿ

ನಿಜ ಅಂತ ಬರೆಯಿರಿ. ಭಯ ಇಲ್ಲದ ಮಾಟ ಉಪ್ಪಿಲ್ಲದ ಸಾರು. ವಿಷ ಅಂತ ಬಿಡಿಸಿದರೆ ಶಾಲೆಯ ವಿಜ್ಞಾನ ಪಾಠ ಆಗುತ್ತದೆ.

ಹಳೇ ಪೋಸ್ಟ್‌ಮಾಸ್ಟರ್

ಬರೆಯಬೇಡಿ. ನನ್ನ ಊರಿನಲ್ಲಿ ಮಾಟ ಮಾಡಿಸಿದ್ದಾರೆ ಅಂತ ಒಬ್ಬ ವಿಧವೆಯನ್ನು ಬೀದಿಗೆಳೆದು ಹೊಡೆದದ್ದು ಕಣ್ಣಾರೆ ನೋಡಿದ್ದೇನೆ. ನಾನಾಗ ಆ ಊರಿಗೆ ಹೊಸ ಪೋಸ್ಟ್‌ಮಾಸ್ಟರ್. ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದೆ. ಕವೆಂಟ್ರಿ ಕಥೆಯಲ್ಲಿ ಮಾಟ ನಿಜ ಅಂತ ಒಂದೇ ಒಂದು ಸಾಲು ಬರೆಯಲು ಕೈ ಬರಲಿಲ್ಲ. ಓದುಗರಿಗೆ ಉತ್ತರ ಸಿಗದಿದ್ದರೆ ಬೇಡ. 200 ಕಾಮೆಂಟ್ ನಿಮ್ಮ ಹತ್ತಿರವೇ ಇರಲಿ.

ನಿಶಾಚರಿ

ಸಾರ್, ಅದು ಗೊತ್ತಿರಲಿಲ್ಲ. ಪುಸ್ತಕದಲ್ಲಿ ಒಂದು ಕಡೆ ಬರೆಯಬಹುದಿತ್ತಲ್ಲ? ಮುನ್ನುಡಿಯಲ್ಲಾದರೂ.

ಹಳೇ ಪೋಸ್ಟ್‌ಮಾಸ್ಟರ್

ಬಾಗಿಲು ಹಾಕಿಕೊಂಡದ್ದನ್ನು ಮುನ್ನುಡಿಯಲ್ಲಿ ಬರೆಯುತ್ತಾರಾ?

ಕೋರ್ಟ್ ಹಾಲ್ 7

ಇಬ್ಬರೂ ಒಂದು ನಿಮಿಷ ನಿಲ್ಲಿ. 1352ರ ರಾಜದ್ರೋಹದ ಕಾಯ್ದೆ ಏನು ಹೇಳುತ್ತದೆ? ರಾಜನನ್ನು ಕೊಲ್ಲುವುದು ಮಾತ್ರ ಅಪರಾಧವಲ್ಲ. ರಾಜನ ಸಾವನ್ನು ಮನಸ್ಸಿನಲ್ಲಿ ಹೂಡಿದರೂ ಅಪರಾಧ. ಬೊಂಬೆ ಕೆಲಸ ಮಾಡಿತೋ ಬಿಟ್ಟಿತೋ ಕೋರ್ಟಿಗೆ ಬೇಕಾಗಿಯೇ ಇಲ್ಲ. ಎಲಿನರ್ ಹೇಳಿದ್ದು ಮಗು ಆಗಲಿ ಅಂತ ಮದ್ದು ತಗೊಂಡೆ ಎಂದು. ಅದು ನಿಜ ಇರಬಹುದು. ಅವರ ಜಾತಕದಲ್ಲಿ ರಾಜನಿಗೆ ಆ ಬೇಸಿಗೆ ಕಾಯಿಲೆ ಬರುತ್ತದೆ ಅಂತಿತ್ತು. ಸುದ್ದಿ ಹಬ್ಬಿದಾಗ ರಾಜನ ಕಡೆಯವರು ಏನು ಮಾಡಿದರು? ಬೇರೆ ಪಂಡಿತರನ್ನು ಕೂರಿಸಿ ಇನ್ನೊಂದು ಜಾತಕ ಬರೆಸಿದರು, ಏನೂ ಆಗಲ್ಲ ಅಂತ! ಅದೇ ಗ್ರಹ, ಅದೇ ಲೆಕ್ಕ. ಒಂದು ಕಡೆಯವರಿಗೆ ಸಂಬಳ, ಇನ್ನೊಂದು ಕಡೆಯವರಿಗೆ ಟೈಬರ್ನ್.

ಆರು ವರ್ಷದ ಮೇಲೆ, 1447ರ ಫೆಬ್ರವರಿಯಲ್ಲಿ, ಹಂಫ್ರಿಯನ್ನೂ ಬೆರಿ ಸೇಂಟ್ ಎಡ್ಮಂಡ್ಸ್‌ನಲ್ಲಿ ಬಂಧಿಸಿದರು. ಕೆಲವೇ ದಿನದಲ್ಲಿ ಸತ್ತ. ಹೆಣವನ್ನು ಜನರಿಗೆ ತೋರಿಸಿದರು, ಗಾಯ ಇಲ್ಲ ನೋಡಿ ಅಂತ. ಯಾರೂ ನಂಬಲಿಲ್ಲ. ಗುಮಾಸ್ತರೇ, ಗಾಯವಿಲ್ಲದ ಹೆಣ ನಿಮ್ಮ ಗಲ್ಲಿಯಲ್ಲಿ ಒಂದು ಬಿದ್ದಿದೆ, ಇತಿಹಾಸದಲ್ಲೇ ಇನ್ನೊಂದು ಬಿದ್ದಿದೆ. ಯಾಕೆ ಎರಡನ್ನೂ ಕಟ್ಟಬಾರದು? ನಾನಾಗಿದ್ದರೆ... ಬೇಡ ಬಿಡಿ, ಮತ್ತೆ ಫೈಲ್ ತೆರೆಯಬೇಕು ಅನಿಸುತ್ತಿದೆ.

ನಿಶಾಚರಿ

ತೆರೆಯಿರಿ ಸಾರ್. 'ಫೈನಲ್ 15'.

ಹಂಪಿ ಎಕ್ಸ್‌ಪ್ರೆಸ್

ನಾನೂ ಒಂದು ಹೇಳಲಾ? ದೇವರಾಯನ ತಮ್ಮನ ಊಟದಲ್ಲಿ...

ಯಾರ್ಕ್‌ಷೈರ್ ಅಕ್ಕ

ಬೇಡ.

ಗುಮಾಸ್ತ (ಕೇಳಿದವರು)

ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ. ಗ್ಲೌಸೆಸ್ಟರ್ ತೆಗೆದು ಗ್ಲಾಸ್ಟರ್ ಮಾಡಿದೆ, 263 ಕಡೆ. ಜೇಬು ತೆಗೆದು ಸೊಂಟದ ಚೀಲ. ಮೂರನೇ ಅಧ್ಯಾಯದಲ್ಲಿ ಆಲೂಗಡ್ಡೆ ಇತ್ತು, ಹೌದು, ಅಕ್ಕನಿಗೆ ಕೈ ಮುಗಿದೆ, ಈಗ ಬಟಾಣಿ ಗಂಜಿ ಆಗಿದೆ. 11ನೇ ಅಧ್ಯಾಯದಲ್ಲಿ ಜ್ಯೂರಿ ಹೆಣದ ಸುತ್ತ ನಿಂತಿದೆ. ಬೊಂಬೆಯಿಂದ ಸತ್ತ ಅಂತ ಬರೆದರೆ ಬೊಂಬೆಗೆ ಬೆಲೆ ಕಟ್ಟಬೇಕು, ಡಿಯೋಡ್ಯಾಂಡ್. ಕಟ್ಟಲು ಎಲ್ಲರಿಗೂ ಹೆದರಿಕೆ, ಮುಟ್ಟಲೂ ಹೆದರಿಕೆ. ನನ್ನ ಗುಮಾಸ್ತ ಮೇಣದ ತೂಕ ನೋಡಿ 'ಮೂರು ಪೆನ್ನಿ' ಅಂತ ಬರೆದ. ಅಲ್ಲಿಗೆ ನಿಲ್ಲಿಸಿದೆ. ನಿಜವೋ ಸುಳ್ಳೋ ಇನ್ನೂ ಗೊತ್ತಿಲ್ಲ, ಆದರೆ ಕೈ ಓಡುತ್ತಿದೆ.

ಅಚ್ಚಿನ ವಿಷಯ ಯೋಚಿಸಿಲ್ಲ.

ಹಳೇ ಪೋಸ್ಟ್‌ಮಾಸ್ಟರ್

ಮೂರು ಪೆನ್ನಿ ಎಲ್ಲಿಂದ ಬಂತು? ಬೊಂಬೆ ಎಷ್ಟು ದೊಡ್ಡದು? ಮೇಣದ ಆ ಕಾಲದ ರೇಟು ನನ್ನ ಪುಸ್ತಕಕ್ಕೆಂದು ಆರು ತಿಂಗಳು ಹುಡುಕಿ ಬರೆದಿಟ್ಟಿದ್ದೇನೆ. ನಿಮ್ಮ ವಿಳಾಸ ಖಾಸಗಿಯಾಗಿ ಕಳಿಸಿ, ಒಂದು ಪ್ರತಿ ಕಳಿಸುತ್ತೇನೆ. 350 ಬೇಡ, ಅಂಚೆ ವೆಚ್ಚ ಮಾತ್ರ ಕೊಡಿ. 'ಅಲ್ರ್' ಅಂತ ಇದ್ದಲ್ಲಿ 'ಅರ್ಲ್' ಅಂತ ಓದಿಕೊಳ್ಳಿ.

ನಿಶಾಚರಿ

ಹಾಗಾದರೆ 227.